ಮೂರು ಚಿಟಿಕೆ ನೀಲಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಬಳ್ಳಾರಿಯ ರಂಗಮಂದಿರವೊಂದರ ಬಣ್ಣದ ಕೋಣೆಯಲ್ಲಿ ಭೀಮರಾಜ ತನ್ನ ತಗಡಿನ ಪೆಟ್ಟಿಗೆ ಬಿಚ್ಚಿ, ಡಬ್ಬಿಗಳ ಮುಚ್ಚಳ ತೆಗೆದು, ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದ. ಕಾಡಿಗೆಗೆ ಹರಳೆಣ್ಣೆಯ ವಾಸನೆ. ಕಂದು ಬಣ್ಣಕ್ಕೆ ಹಳೆಯ ಮೇಣದ ವಾಸನೆ. ಸಫೇದಕ್ಕೆ, ಅಂದರೆ ಮುಖಕ್ಕೆ ಹಚ್ಚುವ ಬಿಳಿ ಪುಡಿಗೆ, ವಾಸನೆಯೇ ಇಲ್ಲ. ಅದೇ ಅದರ ಗುರುತು. ಯಾರಾದರೂ ಕೇಳಿದರೆ ‘ಬಣ್ಣ ಕೆಟ್ಟೈತೇನೋ ನೋಡಾಕ ಹತ್ತೀನಿ’ ಅನ್ನಬೇಕೆಂದು ಒಂದು ಮಾತನ್ನು ಅವನು ಸಿದ್ಧವಾಗಿ ಇಟ್ಟುಕೊಂಡಿದ್ದ. ಇಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಬಣ್ಣ ಹಚ್ಚುವವನ ಕಡೆ ಯಾರೂ ಅಷ್ಟು ಹೊತ್ತು ನೋಡುವುದಿಲ್ಲ.

ಎರಡು ಗಂಟೆಗೆ ಹೋದ ಕರೆಂಟು ನಾಲ್ಕಕ್ಕೆ ಬರುತ್ತದೆ ಎಂದು ಮಂದಿರದ ಕಾವಲುಗಾರ ಹೇಳಿ ಹೋಗಿದ್ದ. ನಾಟಕ ಆರೂವರೆಗೆ. ಭೀಮರಾಜ ಕುರ್ಚಿಯನ್ನು ಪಡುವಣ ಕಿಟಕಿಯ ಪಕ್ಕಕ್ಕೆ ಎಳೆದ. ಕಿಟಕಿಗೆ ಮಾಸಿದ ಕಿತ್ತಳೆ ಬಣ್ಣದ ಪರದೆ. ಅದರ ಸಂದಿಯಲ್ಲಿ ಕೋಟೆ ಗುಡ್ಡದ ಒಂದು ಅಂಚು, ಬಿಸಿಲಿಗೆ ನಡುಗುವಂತೆ ಕಾಣುತ್ತಿತ್ತು. ಪರದೆ ಪೂರ್ತಿ ಸರಿಸಿದರೆ ಬಿಸಿಲು ನೇರ ಮುಖಕ್ಕೆ ಬಡಿಯುತ್ತದೆ, ಬೆವರಿಗೆ ಬಣ್ಣ ನಿಲ್ಲುವುದಿಲ್ಲ. ಅವನು ಪರದೆಯನ್ನು ಹಾಗೇ ಬಿಟ್ಟ.

ಭೀಮರಾಜನಿಗೆ ಐವತ್ತಾರು ವರ್ಷ. ಹುಟ್ಟಿದ್ದು ಸಿರುಗುಪ್ಪದಲ್ಲಿ, ಈಗ ಇರುವುದು ಕುರುಗೋಡಿನಲ್ಲಿ, ಗುಡ್ಡದ ಬುಡದ ಓಣಿಯ ಒಂದು ಬಾಡಿಗೆ ಕೋಣೆಯಲ್ಲಿ. ಮದುವೆಯಾಗಲಿಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ, ಭತ್ತದ ಸುಗ್ಗಿ ಮುಗಿದ ಮೇಲೆ ಸಿರುಗುಪ್ಪಕ್ಕೆ ಬಂದು ತಂಬು ಹಾಕಿದ ನಾಟಕ ಕಂಪನಿಯ ಹಿಂದೆ ಹೋದವನು, ಅದು ಮುಚ್ಚುವ ತನಕ ಊರೂರು ತಿರುಗಿದ. ಒಂದೇ ಊರಲ್ಲಿ ಮೂರು ತಿಂಗಳು ನಿಲ್ಲದವನಿಗೆ ಹೆಣ್ಣು ಕೊಡುವವರು ಯಾರು? ಸಿರುಗುಪ್ಪದಲ್ಲಿ ಅಕ್ಕ ಹುಲುಗಮ್ಮ ಇದ್ದಾಳೆ. ಪ್ರತಿ ಭಾನುವಾರ ಫೋನು ಮಾಡುತ್ತಾಳೆ. “ಉಂಡಿಯೇನೋ?” ಅನ್ನುತ್ತಾಳೆ, “ಉಂಡೆ” ಅನ್ನುತ್ತಾನೆ. “ಮತ್ತ?” ಅನ್ನುತ್ತಾಳೆ, “ಮತ್ತೇನಿಲ್ಲ” ಅನ್ನುತ್ತಾನೆ. ವಾರದಲ್ಲಿ ಅವನು ತನ್ನ ಬಗ್ಗೆ ಆಡುವ ಮಾತು ಇಷ್ಟೇ.

ಹತ್ತು ದಿನದ ಹಿಂದೆ ಶಶಿಕಾಂತ್ ಕುರುಗೋಡಿಗೇ ಸ್ಕೂಟರ್ ಹೊಡೆದುಕೊಂಡು ಬಂದಿದ್ದ. ಬಳ್ಳಾರಿಯ ಕಾಲೇಜೊಂದರಲ್ಲಿ ಉಪನ್ಯಾಸಕ. ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ವರ್ಷಕ್ಕೊಂದು ನಾಟಕ ಆಡಿಸುತ್ತಾನೆ. ಈ ಸಲದ್ದು ಅವನೇ ಬರೆದದ್ದು: ಇನ್ನೂರು ವರ್ಷದ ಹಿಂದೆ ಸತ್ತ ರಾಣಿಯೊಬ್ಬಳು ತನ್ನ ಹಾಳು ಮಹಲನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ.

“ರಾಣಿಗೆ ಗೋಥಿಕ್ ಮೇಕಪ್ ಬೇಕ್ರಿ,” ಅಂದಿದ್ದ ಶಶಿಕಾಂತ್.

“ಗೋಥಿಕ್ ಅಂದ್ರ ಏನ್ರಿ ಸರ?”

“ಹಾಳು ಮಹಲು, ಕತ್ತಲಿ, ಸತ್ತೋರು. ನೋಡಿದ್ರ ಅಂಜಿಕಿ ಬರಬೇಕು. ಆದ್ರ ಚಂದನೂ ಕಾಣಬೇಕು.”

“ಸತ್ತೋರು ಚಂದನ ಇರತಾರ ಬಿಡ್ರಿ. ಎದುರು ಮಾತಾಡಂಗಿಲ್ಲಲ್ಲ.”

ಶಶಿಕಾಂತ್ ಜೋರಾಗಿ ನಕ್ಕು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಹೆಣದಂಥ ಬಿಳಿ ಮುಖ, ಕಪ್ಪು ತುಟಿ, ಗುಳಿ ಬಿದ್ದ ಕಣ್ಣು. ಭೀಮರಾಜ ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಒಯ್ದು, ಬೆರಳಿನಿಂದ ಹಿಗ್ಗಿಸಿ ನೋಡಿದ. ರಕ್ಕಸಿಯ ಮುಖ ಅವನಿಗೆ ಗೊತ್ತು. ಅದರಲ್ಲಿ ಗೆರೆಗಳೆಲ್ಲ ಮೇಲಕ್ಕೆ ಏಳುತ್ತವೆ. ಇದರಲ್ಲಿ ಎಲ್ಲವೂ ಕೆಳಕ್ಕೆ ಇಳಿದಿದ್ದವು, ಕಣ್ಣೀರು ಹರಿದ ದಾರಿಯಲ್ಲಿ. “ಮಾಡತೀನ್ರಿ” ಅಂದ. ಮೂರು ತಿಂಗಳಲ್ಲಿ ಅವನಿಗೆ ಬಂದಿದ್ದ ಮೊದಲ ಕೆಲಸ ಅದು.

ಕೆಲಸ ಯಾಕೆ ಬರುತ್ತಿಲ್ಲವೆಂದು ಅವನಿಗೆ ಗೊತ್ತಿತ್ತು. ಕಂಪನಿ ಮುಚ್ಚಿದ ಮೇಲೆ ಅವನ ಬದುಕು ನಡೆದದ್ದು ಶಾಲೆಗಳ ವಾರ್ಷಿಕೋತ್ಸವಗಳಿಂದ. ಮೋಕದ ಒಂದು ಶಾಲೆಯಲ್ಲಿ ಭಾರತಮಾತೆಯ ವೇಷದ ಹುಡುಗಿಗೆ ಬಣ್ಣ ಹಚ್ಚಿ ಕಳಿಸಿದಾಗ ಮಾಸ್ತರೊಬ್ಬ, “ಏನ್ರಿ ಭೀಮರಾಜ, ಭಾರತಮಾತೆಗೆ ಥಂಡಿ ಹತ್ತೈತೇನು? ನೀಲಿಗಟ್ಟ್ಯಾಳಲ್ಲ!” ಅಂದು ಎಲ್ಲರನ್ನೂ ನಗಿಸಿದ್ದ. ಭೀಮರಾಜನೂ ನಕ್ಕ. ಅವನ ಕಣ್ಣಿಗೆ ಆ ಮುಖ ಹಾಲಿನಂತೆ ಬಿಳಿಯಾಗಿತ್ತು. ಮಾರನೆಯ ದಿನ ಕೋಣೆಯಲ್ಲಿ, ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಎದುರು ನಿಂತು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದ. ಎಡಗಣ್ಣಿಗೆ ಗೋಡೆಯೇ ಇಲ್ಲ, ಬರೀ ಮಂಜು. ಬಲಗಣ್ಣಿಗೆ ಗೋಡೆ ಇತ್ತು, ಆದರೆ ಚಹಾ ಚೆಲ್ಲಿ ಒಣಗಿಸಿದ ಧೋತರದ ಬಣ್ಣ. ಓನರು ಕೆಟ್ಟ ಸುಣ್ಣ ಹೊಡೆಸಿದನೆಂದುಕೊಂಡು ಹೊರಗೆ ಬಂದ. ಎದುರುಮನೆಯ ಗೋಡೆಯೂ ಹಾಗೇ ಇತ್ತು. ಹಗ್ಗದ ಮೇಲಿನ ಬನಿಯನ್ನೂ ಹಾಗೇ ಇತ್ತು. ಅಂದಿನಿಂದ ಅವನು ದಿನ ಎಣಿಸುತ್ತಾ ಬಂದಿದ್ದ, ಯಾರಿಗೂ ಹೇಳಿರಲಿಲ್ಲ. ಶಾಲೆಗಳಿಂದ ಕರೆಗಳು ಒಂದೊಂದಾಗಿ ನಿಂತವು.

ಹೇಳದಿರಲು ಕಾರಣವಿತ್ತು. ಕಂಪನಿಯಲ್ಲಿ ಅವನಿಗೆ ಬಣ್ಣ ಕಲಿಸಿದವನು ಮೂಕಪ್ಪ. ಹೆಸರು ಮೂಕಪ್ಪನಾದರೂ ಬೈಗುಳದ ಗಣಿ. ವಯಸ್ಸಾದ ಮೇಲೆ ಅವನ ಕಣ್ಣು ಮಬ್ಬಾಯಿತು. ಸಂಗತಿ ಹೊರಬಿದ್ದ ವಾರದಲ್ಲೇ ಮಾಲೀಕ ಅವನ ಕೈಯಿಂದ ಕುಂಚ ತೆಗೆದು ಪರದೆ ಎಳೆಯುವ ಹಗ್ಗ ಕೊಟ್ಟ. ಮುಂದೆ ಆಪರೇಷನ್ ಆಗಿ ಕಣ್ಣು ನೆಟ್ಟಗಾಯಿತು. ಕುಂಚ ಮಾತ್ರ ತಿರುಗಿ ಬರಲಿಲ್ಲ. “ಕಣ್ಣು ಹೋಗಿ ಬರತೈತಲೇ, ಸುದ್ದಿ ಹೋದ್ರ ಬರಂಗಿಲ್ಲ,” ಎಂದು ಮೂಕಪ್ಪ ಹಗ್ಗ ಹಿಡಿದುಕೊಂಡೇ ಹೇಳಿದ್ದ.

ಎರಡೂಕಾಲು ಗಂಟೆಗೆ ರಾಣಿ ಬಂದಳು. ಹೆಸರು ಗೌತಮಿ, ಇಪ್ಪತ್ತನಾಲ್ಕು ವರ್ಷ, ಕೌಲ್ ಬಜಾರಿನ ಜೀನ್ಸ್ ಯೂನಿಟ್ಟೊಂದರಲ್ಲಿ ಕೆಲಸ. ಬೆರಳಿನ ಸಂದಿಗಳಲ್ಲಿ ತೊಳೆದರೂ ಹೋಗದ ನೀಲಿ. ಕೈಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಪೊಟ್ಟಣ.

“ಕಾಕಾ, ಉಂಡೀರೇನು? ತಗೋರ್ರಿ, ಬಿಸಿ ಐತಿ.”

“ನೀ ತಿನ್ನವ್ವಾ. ತುಟಿ ಹಚ್ಚಿದ ಮ್ಯಾಲೆ ಆರೂವರಿತನಕ ನೀರೂ ಇಲ್ಲ. ಸತ್ತೋರಿಗೆ ಹಸಿವಾಗಂಗಿಲ್ಲ.”

“ಆಗತೈತಿ. ನಮ್ಮ ಯೂನಿಟ್ಟಿನಾಗ ನೋಡ್ರಿ ಬೇಕಾದ್ರ, ಎಲ್ಲಾರೂ ಸತ್ತಾರ, ಎಲ್ಲಾರಿಗೂ ಹಸಿವಾಗೇತಿ.”

ಅವಳು ತಿಂದು ಕೈ ತೊಳೆದು ಬಂದಳು. ಭೀಮರಾಜ ಕೆಲಸಕ್ಕೆ ಇಳಿದ. ಅವನ ಕ್ರಮ ಎಂದೂ ತಪ್ಪುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಒರೆಸುವುದು. ಆಮೇಲೆ ಒದ್ದೆ ಸೋಪಿನ ಬಿಲ್ಲೆಯಿಂದ ಹುಬ್ಬಿನ ಕೂದಲನ್ನು ಚರ್ಮಕ್ಕೆ ಅಂಟಿಸಿ ಮಲಗಿಸುವುದು. ಅದು ಒಣಗಿದರೆ ಹುಬ್ಬು ಇದ್ದ ಜಾಗ ಬೋಳು ಹಣೆಯಾಗುತ್ತದೆ, ಬೇಕಾದ ಹುಬ್ಬನ್ನು ಅದರ ಮೇಲೆ ಬರೆಯಬಹುದು. ನಂತರ ಸ್ಟೀಲು ಬಟ್ಟಲಿನಲ್ಲಿ ನಾಲ್ಕು ಚಮಚ ಸಫೇದ, ಎರಡು ಚಮಚ ಗ್ಲಿಸರಿನ್, ನೀರಿನ ಹನಿಗಳು. ಕೊನೆಗೆ ಬಟ್ಟೆಗೆ ಹಾಕುವ ನೀಲಿ ಪುಡಿ, ಒಂದು ಚಿಟಿಕೆ. ಕಂಪನಿಯ ಕಾಲದಲ್ಲಿ ಹಳದಿ ದೀಪದ ಕೆಳಗೆ ಬರೀ ಬಿಳಿ ಹಚ್ಚಿದರೆ ಮುಖ ಕಾಮಾಲೆಯಾದಂತೆ ಕಾಣುತ್ತಿತ್ತು. ನೀಲಿ ಸೇರಿಸಿದರೆ ಸರಿಹೋಗುತ್ತಿತ್ತು. ಆದರೆ ಎಷ್ಟು ಎಂದು ಮೂಕಪ್ಪ ಕಟ್ಟಿ ಹೇಳಿರಲಿಲ್ಲ. “ಚಿಟಿಕಿ ಎಣಸಬ್ಯಾಡಲೇ ಹುಚ್ಚಮಂಗ್ಯಾ, ಅದು ಕಿರಾಣಿ ಅಂಗಡಿ ಲೆಕ್ಕ. ಬೆಳ್ಳಗಾತು ಅಂತ ಕಣ್ಣು ಹೇಳತೈತಿ, ಅಲ್ಲಿಗೆ ನಿಲ್ಲಸು,” ಅನ್ನುತ್ತಿದ್ದ.

ಒಂದು ಚಿಟಿಕೆ ಹಾಕಿ ಕಲಸಿ, ಎಡ ಅಂಗೈಯ ಹಿಂದೆ ಹಚ್ಚಿ, ಕಿಟಕಿಯ ಬೆಳಕಿಗೆ ಹಿಡಿದ. ಹಳದಿ. ಇನ್ನೊಂದು ಚಿಟಿಕೆ. ಇನ್ನೂ ಹಳದಿಯ ಛಾಯೆ. ಮೂರನೆಯದಕ್ಕೆ ಬಿಳಿ ಬಂತು.

“ಮಾತಾಡಬ್ಯಾಡವ್ವಾ ಇನ್ನ,” ಅಂದು ಅವಳ ಗದ್ದ ಹಿಡಿದ.

ಬಣ್ಣ ಹಚ್ಚುವ ಆ ಹೊತ್ತು ಭೀಮರಾಜನಿಗೆ ಬಹಳ ಇಷ್ಟದ್ದು. ಒಂದು ಗೇಣು ದೂರದಲ್ಲಿ ಇನ್ನೊಬ್ಬರ ಉಸಿರು. ಬೆರಳ ಕೆಳಗೆ ಬೆಚ್ಚಗಿನ ಕೆನ್ನೆ. ಉಳಿದ ದಿನಗಳಲ್ಲಿ ಅವನು ಯಾರನ್ನೂ ಮುಟ್ಟುವುದಿಲ್ಲ, ಅವನನ್ನು ಯಾರೂ ಮುಟ್ಟುವುದಿಲ್ಲ. ಬಸ್ಸಿನಲ್ಲಿ ಭುಜ ತಗುಲಿದರೆ ಅದೇ ಹೆಚ್ಚು. ಕಣ್ಣು ಕೈಕೊಟ್ಟ ಮೇಲೆ ಬೆರಳು ಇನ್ನಷ್ಟು ಚುರುಕಾಗಿತ್ತು. ಕೆನ್ನೆಮೂಳೆ ಎಲ್ಲಿ ತಿರುಗುತ್ತದೆ, ಕಣ್ಣಿನ ಗೂಡು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವನು ತಡವಿಯೇ ತಿಳಿದ. ಮೂಳೆಯ ಕೆಳಗೆ ಕಂದು ಮತ್ತು ಕಾಡಿಗೆ ಬೆರೆಸಿ ಕಿವಿಯಿಂದ ಬಾಯಿಯ ಕಡೆಗೆ ಎಳೆದು, ಹೆಬ್ಬೆರಳಿನಿಂದ ಕರಗಿಸಿದ. ಕೆನ್ನೆ ಒಳಗೆ ಹೋಯಿತು. ರೆಪ್ಪೆಯ ಮೇಲೂ ಕೆಳಗೂ ಕಾಡಿಗೆ. ಒಳಮೂಲೆಯಿಂದ ಮೂಗಿನ ಪಕ್ಕಕ್ಕೆ, ಕಣ್ಣೀರು ಇಳಿಯುವ ದಾರಿಯಲ್ಲಿ ಒಂದು ಗೆರೆ. ಕೋಳಿ ಪುಕ್ಕದ ತುದಿಯಿಂದ ಹಣೆಯ ಬದಿಯಲ್ಲಿ ಎರಡು ನರ. ತುಟಿಗೆ ಹರಳೆಣ್ಣೆಯಲ್ಲಿ ಅರೆದ ಕಾಡಿಗೆ, ನಡುವೆ ದಟ್ಟ, ಅಂಚಿಗೆ ತೆಳು. ನಾಲ್ಕು ಗಂಟೆಗೆ ಕರೆಂಟು ಬಂದು ಟ್ಯೂಬುಗಳು ಹೊತ್ತಿದಾಗ ಮುಖದ ಕೆಲಸ ಮುಗಿದಿತ್ತು.

ಗೌತಮಿ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಶಿಕಾಂತ್ ಒಳಗೆ ಬಂದ. ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

“ಅಯ್ಯಯ್ಯಪ್ಪಾ! ಇದೇ ನೋಡ್ರಿ! ಆ ಫೋಟೋದಾಗೂ ಇಷ್ಟು ಬಂದಿಲ್ಲ. ಆ ನೀಲಿ, ಆ ನೀಲಿ ಎಲ್ಲಿಂದ ತಂದ್ರಿ?”

ಭೀಮರಾಜನ ಕೈಯ ಕುಂಚ ನಿಂತಿತು. ನೀಲಿಯೇ? ಅವನು ಹಚ್ಚಿದ್ದು ಬಿಳಿ. ಅವಳ ಮುಖದ ಕಡೆ ತಿರುಗಿದ. ಬಿಳಿಯೇ ಇತ್ತು.

“ಸತ್ತೋರಿಗೆ ಸ್ವಲ್ಪ ನೀಲಿ ಬೇಕಲ್ಲರಿ ಸರ,” ಅಂದ.

“ಮುಂದಿನ ತಿಂಗಳು ನಾಟಕೋತ್ಸವಕ್ಕ ಹೊಂಟೀವಿ. ಅಲ್ಲಿಗೆ ರಾಣಿ ಪರಿವಾರನೂ ಬರತೈತಿ, ಸತ್ತ ದಾಸಿಯರು, ಸತ್ತ ಮಂತ್ರಿ. ಒಟ್ಟು ಹನ್ನೆರಡು ಮುಖ. ಎಲ್ಲಾ ಇದೇ ಬಣ್ಣ, ಒಂದು ಕೂದಲೆಳಿ ಫರಕ್ ಬರಬಾರದು. ನೀವ ಬರಬೇಕು.”

“ಬರತೀನ್ರಿ.”

ಶಶಿಕಾಂತ್ ಹೋದ. ಭೀಮರಾಜ ಬಟ್ಟಲು ತೊಳೆಯುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡ. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಬಾಗಿಲಲ್ಲಿ ನಿಂತು ಹೊಗಳಿರಲಿಲ್ಲ. ಹೊಗಳಿದ್ದು ಅವನು ಕಾಣದ ಬಣ್ಣವನ್ನು. ಕಾಣದ್ದನ್ನು ಒಮ್ಮೆ ಮಾಡಬಹುದು, ಕೈತಪ್ಪಿ. ಹನ್ನೆರಡು ಸಲ ಮಾಡುವುದು ಹೇಗೆ? ಮೂಕಪ್ಪ ಬದುಕಿದ್ದರೆ ಅವನನ್ನಾದರೂ ಕೇಳಬಹುದಿತ್ತು. ಈಗ ಈ ಪ್ರಶ್ನೆಯನ್ನು ಯಾರಲ್ಲಿ ಕೇಳಿದರೂ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಸುದ್ದಿಯಾಗುತ್ತದೆ.

ಕೈಗಳು ಕೊನೆಗೆ. ವೇಷ ಕಟ್ಟಿ, ಗುಂಡಿ ಹಾಕಿಕೊಂಡು, ಇನ್ನು ಏನನ್ನೂ ಹಿಡಿಯುವುದಿಲ್ಲ ಎಂದಾದ ಮೇಲೆಯೇ ಕೈಗೆ ಬಣ್ಣ. ಗೌತಮಿ ಉದ್ದನೆಯ ಕಪ್ಪು ಗೌನು ತೊಟ್ಟು ಬಂದು ಮೊಣಕೈ ತನಕ ತೋಳು ಮಡಚಿ ಕೂತಾಗ ಐದು ಗಂಟೆ. ಮುಖಕ್ಕೆ ಕಲಸಿದ ಬಣ್ಣ ಮುಗಿದಿತ್ತು. ಭೀಮರಾಜ ಹೊಸದಾಗಿ ಕಲಸಿದ: ನಾಲ್ಕು ಚಮಚ, ಎರಡು ಚಮಚ, ಒಂದು ಚಿಟಿಕೆ. ಈಗ ತಲೆಯ ಮೇಲೆ ಉರಿಯುತ್ತಿದ್ದವು ತಣ್ಣನೆಯ ಎಲ್‌ಇಡಿ ಟ್ಯೂಬುಗಳು. ಕಿತ್ತಳೆ ಪರದೆಯ ಬೆಳಕಲ್ಲ. ಅಂಗೈಯ ಹಿಂದೆ ಹಚ್ಚಿ ಹಿಡಿದರೆ ಒಂದೇ ಚಿಟಿಕೆಗೆ ಬಿಳಿ ಬಂದಿತ್ತು. ಕಣ್ಣು ಹೇಳಿತು, ಅವನು ನಿಲ್ಲಿಸಿದ.

ಐದು ನಲವತ್ತಕ್ಕೆ ಎರಡೂ ಕೈ ಮುಗಿದವು. ಗೌತಮಿ ಎದ್ದು ಕನ್ನಡಿಯ ಎದುರು ನಿಂತು ಎರಡೂ ಅಂಗೈಗಳನ್ನು ಕೆನ್ನೆಯ ಪಕ್ಕಕ್ಕೆ ತಂದಳು. ಮುಟ್ಟಿಸಲಿಲ್ಲ.

“ಕಾಕಾ,” ಅಂದಳು, “ಮುಖ, ಕೈ, ಎರಡೂ ಒಂದ ಬಣ್ಣ ಏನ್ರಿ?”

“ಒಂದ. ಯಾಕ?”

ಅವಳು ಹೋಗಿ, ಮೊಣಕೈಯಿಂದ ಬಾಗಿಲು ತಳ್ಳಿ ಮುಚ್ಚಿದಳು. ಹೊರಗೆ ಯಾರೋ “ರಾಣಿ ರೆಡಿ ಏನ್ರೀ?” ಎಂದು ಕೂಗಿದರು. “ರಾಣಿ ಸತ್ತಾಳ, ತಡಿರ್ರಿ!” ಅಂದಳು. ಹೊರಗಿನವರು ನಕ್ಕರು. ಅವಳು ನಗಲಿಲ್ಲ.

“ಯೂನಿಟ್ಟಿನಾಗ ನನ್ನ ಕೆಲಸ ಏನು ಗೊತ್ತೇನ್ರಿ ಕಾಕಾ? ಶೇಡ್ ನೋಡೋದು. ತೊಳದು ಬಂದ ಪ್ಯಾಂಟ್ ಒಂದರ ಮ್ಯಾಲೆ ಒಂದು ಇಟ್ಟು, ಯಾವ ನೀಲಿ ಯಾವ ನೀಲಿ ಜೋಡಿ ಅಂತ ಬ್ಯಾರೆ ಮಾಡೋದು. ನಾಕು ವರ್ಷ ಆತು. ಒಂದು ಪ್ಯಾಂಟ್ ಚಂದ ಬಂದ್ರ ಅಲ್ಲಿ ಯಾರೂ ಶಾಭಾಸ್ ಅನ್ನಂಗಿಲ್ಲ. ನೂರು ಪ್ಯಾಂಟ್ ಅದ ನೀಲಿ ಬಂದ್ರ ಅಂತಾರ.” ಅವಳು ಕೈಗಳನ್ನು ಮುಂದೆ ಚಾಚಿದಳು. “ಈ ಕೈ ಬಿಳಿ. ಮುಖ ನೀಲಿ. ದೀಪದಾಗ ನಿಂತ್ರ ನನ್ನ ಕೈ ಬ್ಯಾರೇರವು ಅನ್ನಂಗ ಕಾಣತಾವು.”

ಭೀಮರಾಜ ಕೈ ನೋಡಿದ, ಮುಖ ನೋಡಿದ. ಎರಡನ್ನೂ ಎಷ್ಟು ನೋಡಿದರೂ ಒಂದೇ.

“ಬೆಳಕಿನ ಫರಕ್ ಇರಬೇಕವ್ವಾ…”

“ಬೆಳಕು ನಿಮಗೂ ನನಗೂ ಒಂದ ಐತಲ್ಲ ಕಾಕಾ.”

ಇನ್ನು ಅವಳು ಬಾಗಿಲು ತೆಗೆಯುತ್ತಾಳೆ, ಶಶಿಕಾಂತನನ್ನು ಕರೆಯುತ್ತಾಳೆ, ಅಷ್ಟೇ. ತಪ್ಪೇನಿಲ್ಲ, ರಂಗದ ಮೇಲೆ ನಿಲ್ಲುವವಳು ಅವಳು, ನಗುವುದು ಅವಳನ್ನು ನೋಡಿ. ಅವನು ಪೆಟ್ಟಿಗೆಯ ಕಡೆ ಬಗ್ಗಿ ಡಬ್ಬಿಗಳನ್ನು ಜೋಡಿಸತೊಡಗಿದ.

“ಅದ್ಯಾಕ ಕಟ್ಟಾಕ ಹತ್ತೀರಿ? ಇನ್ನ ಟೈಮ್ ಐತಿ, ಕಲಸ್ರಿ,” ಅಂದಳು ಗೌತಮಿ. “ಮುಖಕ್ಕ ಮೂರು ಚಿಟಿಕಿ ಹಾಕಿದ್ರಿ. ಕೈಗೆ ಒಂದ.”

“ನೀ ಎಣಸಿದೇನು?”

“ಏನ ಕಂಡ್ರೂ ಎಣಸ್ತೀನಿ. ಚಟ ಬಿದ್ದೈತಿ, ಏನ್ಮಾಡ್ಲಿ. ನಿಮ್ಮ ಚಿಟಿಕಿ ಒಂದು ದೊಡ್ಡದು, ಒಂದು ಸಣ್ಣದು. ಹಾಕ್ರಿ, ನಾ ಹೇಳತೀನಿ.”

ಅವನು ಒದ್ದೆ ಬಟ್ಟೆಯಿಂದ ಅವಳ ಕೈಗಳನ್ನು ಒರೆಸಿದ. ಮತ್ತೆ ನಾಲ್ಕು ಚಮಚ, ಎರಡು ಚಮಚ. ಗೌತಮಿ ಬಟ್ಟಲಿನ ಮೇಲೆ ಬಗ್ಗಿದಳು. ಒಂದು ಚಿಟಿಕೆ. “ಇನ್ನಾ.” ಎರಡು. “ಇನ್ನಾ. ಅಷ್ಟಲ್ಲ, ಅದರಾಗ ಅರ್ಧ.” ಅವನು ಬೆರಳ ತುದಿಯ ಪುಡಿಯಲ್ಲಿ ಅರ್ಧ ಉದುರಿಸಿ ಅರ್ಧ ಹಿಡಿದುಕೊಂಡ. ಅವನ ಕಣ್ಣಿನ ಮುಂದೆ ಬಟ್ಟಲಲ್ಲಿ ಏನೂ ಬದಲಾಗಲಿಲ್ಲ. ಅವಳು ಒಂದು ಬೊಟ್ಟು ತೆಗೆದು ಮಣಿಕಟ್ಟಿಗೆ ಹಚ್ಚಿ, ಕನ್ನಡಿಯ ಹತ್ತಿರ ಹೋಗಿ ಕೆನ್ನೆಗೆ ಹೋಲಿಸಿದಳು. “ಇನ್ನಾ ಸ್ವಲ್ಪ. ಹೂಂ. ಸಾಕು, ಸಾಕು, ಕೈ ತಗೀರಿ.”

ಅವನು ಕೈ ತೆಗೆದ. ತನ್ನ ಕಣ್ಣು ಸುಮ್ಮನಿರುವಾಗ ಇನ್ನೊಬ್ಬರ ಮಾತಿಗೆ ಕೈ ನಿಲ್ಲಿಸಿದ್ದು ಬದುಕಿನಲ್ಲಿ ಅದೇ ಮೊದಲು. ನಾಚಿಕೆಯಾಗುತ್ತದೆ ಅಂದುಕೊಂಡಿದ್ದ. ನಾಚಿಕೆಯ ಜೊತೆಗೆ, ಭಾರದ ಮೂಟೆಯ ಒಂದು ತುದಿಯನ್ನು ಇನ್ನೊಬ್ಬರು ಹಿಡಿದಾಗ ಹೆಗಲಿಗೆ ಆಗುವಂಥದ್ದೂ ಆಯಿತು. ಬೇಗ ಬೇಗ ಹಚ್ಚಿದ. ಬೆರಳ ಗೆಣ್ಣುಗಳಲ್ಲಿ ಕಂದು, ಉಗುರಿಗೆ ಕಾಡಿಗೆ. ಆರು ಗಂಟೆ ಐದು ನಿಮಿಷಕ್ಕೆ ಮುಗಿಯಿತು.

“ಈಗ?” ಅಂದ.

“ಈಗ ಜೋಡಿ ಆತು.”

ಬಣ್ಣ ಒಣಗಲು ಹತ್ತು ನಿಮಿಷ ಬೇಕು. ಗೌತಮಿ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೂತಳು. ಮೂಗಿನ ತುದಿ ತುರಿಸುತ್ತಿದೆ ಅಂದಳು. ಅವನು ಕುಂಚದ ಹಿಂದಿನ ತುದಿಯಿಂದ ಬಣ್ಣ ಕೆಡದ ಹಾಗೆ ಮೆಲ್ಲಗೆ ತುರಿಸಿದ.

“ಸರ್‌ಗೆ ಹೇಳತಿ ಏನವ್ವಾ?”

“ನಾ ಯಾಕ ಹೇಳಲಿ? ನೀವ ಹೇಳಬೇಕು. ಹನ್ನೆರಡು ಮುಖಕ್ಕ ನಾ ಬಾಜೂ ನಿಂತು ‘ಇನ್ನಾ, ಸಾಕು’ ಅನ್ನಾಕ ಆಗಂಗಿಲ್ಲ ಕಾಕಾ. ನಾನೂ ಅವತ್ತು ಸತ್ತಿರತೀನಿ.” ಮತ್ತೆ ಹೇಳಿದಳು: “ನಮ್ಮ ಯೂನಿಟ್ಟಿನಾಗ ಶೇಡ್ ನೋಡೋರಿಗೆಲ್ಲ ವರ್ಷಕ್ಕೊಮ್ಮೆ ಕಣ್ಣು ಚೆಕ್ ಮಾಡಸ್ತಾರ. ಹೋದ ವರ್ಷ ಜಯಶ್ರೀ ಅಕ್ಕಗ ಹಿಂಗ ಹಳದಿ ಪೊರಿ ಬಂದಿತ್ತು. ಆಪರೇಷನ್ ಮಾಡಿಸಿಕೊಂಡು ಬಂದು ಅದ ಟೇಬಲ್ಲಿಗೆ ಕುಂತಾಳ. ಯಾರೂ ಹಗ್ಗಗಿಗ್ಗ ಕೊಟ್ಟಿಲ್ಲ.”

ಭೀಮರಾಜ ತಲೆ ಎತ್ತಿದ. “ಹಗ್ಗದ ಸಂಗತಿ ನಿನಗ ಯಾರು ಹೇಳಿದ್ರು?”

“ನೀವ! ಗದ್ದ ಹಿಡಕೊಂಡು ಎರಡು ತಾಸು ಗೊಣಗೊಣ ಅಂದೀರಲ್ಲ. ಮೂಕಪ್ಪ ಹಿಂಗಂದ, ಮೂಕಪ್ಪ ಹಂಗಂದ, ಕಣ್ಣು ಮಬ್ಬಾತು, ಕೈಯಾಗ ಹಗ್ಗ ಕೊಟ್ರು. ನನಗ ಮಾತಾಡಬ್ಯಾಡ ಅಂದು ನೀವೊಬ್ಬರ ಮಾತಾಡಿದ್ರಿ.”

ಅವನಿಗೆ ಗೊತ್ತೇ ಇರಲಿಲ್ಲ. ಕೋಣೆಯಲ್ಲಿ ಒಬ್ಬನೇ ಇದ್ದಾಗ ಹಾಗೆ ಮಾತಾಡುತ್ತಾನೆಂದು ಎದುರುಮನೆಯವರು ಒಮ್ಮೆ ಹೇಳಿದ್ದರು, ನಂಬಿರಲಿಲ್ಲ.

ಹೊರಗೆ ಮೊದಲನೆಯ ಗಂಟೆ ಬಾರಿಸಿತು. ಕುರ್ಚಿಗಳು ಸರಿಯುವ ಸದ್ದು, ಯಾರದೋ ಕೆಮ್ಮು. ಗೌತಮಿ ಎದ್ದಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. ಕಪ್ಪು ಗೌನಿನ ಮೇಲೆ ಮುಖವೂ ಕೈಗಳೂ ಒಂದೇ ಬಣ್ಣದವು, ಅದು ಯಾವ ಬಣ್ಣವೆಂದು ಆ ಕೋಣೆಯಲ್ಲಿ ಅವಳಿಗೆ ಮಾತ್ರ ಗೊತ್ತು.

“ಡಾಕ್ಟರ್ ಕೇಳೇ ಕೇಳತಾರ, ಮೊದಲು ನನಗ ಹೇಳ್ರಿ. ಬಾಯಿ ರೂಢಿ ಆಗಲಿ. ಕಣ್ಣು ಹಿಂಗಾಗಿ ಎಷ್ಟು ದಿನ ಆತು?”

ಭಾನುವಾರದ ಫೋನಿನಲ್ಲಿ ಅಕ್ಕನಿಗೆ ಹೇಳದ್ದು ಅದು. ಭೀಮರಾಜ ಕುಂಚವನ್ನು ಬಟ್ಟೆಗೆ ಒರೆಸಿದ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ. ಎರಡನೆಯ ಗಂಟೆ ಬಾರಿಸಿತು. ಅವಳು ಹೋಗಲಿಲ್ಲ. ಆಗ ಅವನು ಜೋರಾಗಿಯೇ ಹೇಳಿದ:

“ಹತ್ತೊಂಬತ್ತು ತಿಂಗಳ ಮ್ಯಾಲೆ ನಾಕು ದಿನ.”